ನೆರಳು ಚಿಕ್ಕದಾಗೋದು ಹನ್ನೆರಡಕ್ಕಾ?

ಬೆಂಗಳೂರಿನ ಐದನೇ ಕ್ಲಾಸಲ್ಲಿ ಕೇಳಿ ನೋಡಿ: ನೆರಳು ಅತಿ ಚಿಕ್ಕದಾಗೋದು ಎಷ್ಟು ಗಂಟೆಗೆ? 'ಹನ್ನೆರಡಕ್ಕೆ ಮಿಸ್!'

ಸರಿ, ತಪ್ಪು ಏನೂ ಹೇಳಬೇಡಿ. ಊಹೆಯನ್ನ ಬೋರ್ಡ್ ಮೇಲೆ ಬರೆಸಿ, ಅಂಗಳಕ್ಕೆ ಕರ್ಕೊಂಡು ಹೋಗಿ. ಕೋಲು ನೆಟ್ಟಗೆ ನಿಲ್ಲಿಸಿ, ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಅಳೆಯೋದು ಮಕ್ಕಳೇ, ನೀವಲ್ಲ.

ಜೂನ್ ನಡುವೆ, ಮೋಡ ಕೃಪೆ ಮಾಡಿದರೆ, ಉತ್ತರ 12:20ರ ಆಸುಪಾಸು! 'ಯಾಕೆ ಮಿಸ್?'

ಈಗ ಭೂಪಟ ಬಿಚ್ಚಿ. ನಮ್ಮ ಗಡಿಯಾರದ ಲೆಕ್ಕ ಮಿರ್ಜಾಪುರದ ಹತ್ತಿರ ಹಾದುಹೋಗೋ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ; ಡಿಗ್ರಿಗೆ 4 ನಿಮಿಷ. ವಿಜ್ಞಾನದ ಪಿರಿಯಡ್ಡಲ್ಲೇ ಸಮಾಜ ಪಾಠವೂ ಆಯ್ತು.

ಟೀಚರ್, ಆಗಸ್ಟ್ 18ರ ಸುಮಾರಿಗೆ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ. ಏಪ್ರಿಲ್‌ನದ್ದು ರಜೆಯಲ್ಲಿ ಕಳೆದುಹೋಗುತ್ತೆ, ಇದನ್ನ ಬಿಡಬೇಡಿ.