ಹರಿರೂದ್ ನದಿಗೆ ಹೋದ ಯಂತ್ರಗಳು

ಕೋಗಿಲಬನದ ಕಡೆಯಿಂದ ಕಾಳಿ ನದಿಯ ಪಾತ್ರವನ್ನನುಸರಿಸಿ ಗಣೇಶಗುಡಿಯವರೆಗೆ ಹೋದವರು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟನ್ನು ಕಂಡೇ ಇರುವರು. ಅದರ ಹಿಂದೆ ಹಳೆಯ ಸೂಪಾ ಪಟ್ಟಣವೇ ಜಲಗತವಾಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದು ನೆಲೆಸಿದುವು. ಆದುದರಿಂದ ಮನೆಯ ದೀಪವೊಂದು ಉರಿಯಬೇಕಾದರೆ ಎಲ್ಲಿಯೋ ಎಷ್ಟು ಯಂತ್ರ, ಎಷ್ಟು ಶ್ರಮ, ಎಷ್ಟು ತ್ಯಾಗ ಕೂಡಬೇಕೆಂಬುದನ್ನು ಈ ಸೀಮೆಯ ಜನರಿಗೆ ಯಾರೂ ಬೋಧಿಸಬೇಕಾದುದಿಲ್ಲ. ಹೆಚ್ಚುಕಡಿಮೆ ಇಷ್ಟೇ ಎತ್ತರದ ಅಣೆಕಟ್ಟೊಂದನ್ನು, ಅದರ ವಿದ್ಯುದಾಗಾರಸಮೇತವಾಗಿ, ನಮ್ಮ ದೇಶವು ಯುದ್ಧಜರ್ಜರಿತವಾದ ಅಫಘಾನಿಸ್ತಾನಕ್ಕೆ ಕಟ್ಟಿಕೊಟ್ಟಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹೆರಾತ್ ಪ್ರಾಂತದಲ್ಲಿ ಹರಿರೂದ್ ನದಿಗೆ ಅಡ್ಡಲಾಗಿ ನಿಂತಿರುವ ಸಲ್ಮಾ ಅಣೆಕಟ್ಟು ನೂರು ಮೀಟರಿಗೂ ಮೀರಿದ ಎತ್ತರವುಳ್ಳದ್ದು. ಬಹುಕಾಲ ಅಂತರ್ಯುದ್ಧದ ದೆಸೆಯಿಂದ ನೆನೆಗುದಿಗೆ ಬಿದ್ದಿದ್ದ ಈ ಕಾರ್ಯವನ್ನು ಭಾರತ ಸರ್ಕಾರದ ವಾಪ್‌ಕೋಸ್ ಸಂಸ್ಥೆ ಪೂರ್ತಿಗೊಳಿಸಿತು; 2016ರ ಜೂನ್ 4ರಂದು ಅಣೆಕಟ್ಟು ಲೋಕಾರ್ಪಣೆಯಾಯಿತು. ಸೂಪಾದ ಬುಡದಲ್ಲಿರುವ ವಿದ್ಯುದಾಗಾರದ ಶಕ್ತಿ 100 ಮೆಗಾವಾಟ್. ಸಲ್ಮಾದ್ದು ಮೂರು ಯಂತ್ರಗಳಿಂದ 42 ಮಾತ್ರ. ಆದರೆ ಆ ಯಂತ್ರಗಳು ಅಲ್ಲಿಗೆ ಸೇರಿದ ಬಗೆಯನ್ನು ನೋಡಿರಿ: ಭಾರತದ ಬಂದರಿನಿಂದ ಹಡಗೇರಿ ಇರಾನಿನ ಬಂದರ್ ಅಬ್ಬಾಸಿಗೆ, ಅಲ್ಲಿಂದ 1200 ಕಿಲೋಮೀಟರ್ ರಸ್ತೆಯಲ್ಲಿ ಗಡಿಯ ಇಸ್ಲಾಂ ಕಲಾಕ್ಕೆ, ಗಡಿಯಿಂದ ಮತ್ತೆ 300 ಕಿಲೋಮೀಟರ್ ಒಳನಾಡಿಗೆ. ನಮ್ಮ ಎಂಜಿನಿಯರುಗಳಾದರೋ, ದಾರಿಯ ಅಪಾಯದಿಂದಾಗಿ, ತಿಂಗಳಿಗೊಮ್ಮೆ ಹೆಲಿಕಾಪ್ಟರಿನಲ್ಲಿ ಮಾತ್ರ ಅಲ್ಲಿಗೆ ಹೋಗಬಲ್ಲವರಾಗಿದ್ದರು. ಇದಕ್ಕೆ ಮುನ್ನವೇ, 2009ರಲ್ಲಿ, ನಮ್ಮ ಪವರ್ ಗ್ರಿಡ್ ಸಂಸ್ಥೆಯು ಪುಲಿ ಖುಮ್ರಿಯಿಂದ ಕಾಬೂಲಿಗೆ 220 ಕಿಲೋವೋಲ್ಟಿನ ಮಾರ್ಗವನ್ನು ಹಿಮಾವೃತವಾದ ಸಲಾಂಗ್ ಕಣಿವೆಯ ಮೇಲೆ ಹಾಯಿಸಿ, ಉಜ್ಬೇಕಿಸ್ತಾನದ ವಿದ್ಯುತ್ತನ್ನು ಆ ರಾಜಧಾನಿಗೆ ಮುಟ್ಟಿಸಿತ್ತು.

ಹಸಿದವರಿಗೆ ಅಕ್ಕಿ ಕಳುಹಿಸಿದರೆ ಯಾವ ಊರಿನ ಒಲೆಯ ಮೇಲಾದರೂ ಅದು ಬೇಯುತ್ತದೆ. ವಿದ್ಯುತ್ ಉಪಕರಣಗಳ ದಾನ ಅಷ್ಟು ಸುಲಭವಾದುದಲ್ಲ. ಹೊಲದಂಚಿನ ಟಿ.ಸಿ. ಎಂಬ ಟ್ರಾನ್ಸ್‌ಫಾರ್ಮರು ಸುಟ್ಟಿತೆಂದರೆ ಪಂಪ್‌ಸೆಟ್ಟುಗಳೆಲ್ಲ ನಿಂತು ಬೆಳೆ ಬಾಡುವುದನ್ನು ಹಳಿಯಾಳದ ರೈತರು ಬಲ್ಲರು. ಅದರ ನೂರಾರು ಪಾಲು ದೊಡ್ಡದಾದ, ನೂರಾರು ಟನ್ ತೂಕದ ಟ್ರಾನ್ಸ್‌ಫಾರ್ಮರುಗಳು ಸಿಡಿದರೆ ನಗರವೇ ಸ್ತಬ್ಧವಾಗುತ್ತದೆ. 2022ರ ಅಕ್ಟೋಬರಿನಿಂದ ಉಕ್ರೇನಿನಲ್ಲಿ ಆಗುತ್ತಿರುವುದು ಇದೇ. ರಷ್ಯದ ಕ್ಷಿಪಣಿಗಳು ಆ ದೇಶದ ವಿದ್ಯುದಾಗಾರಗಳನ್ನೂ ಉಪಕೇಂದ್ರಗಳನ್ನೂ ಹುಡುಕಿ ಹುಡುಕಿ ಹೊಡೆದುವು. 2024ರ ಮಾರ್ಚಿಯಲ್ಲಿ ಝಪೋರಿಝಿಯಾದ ನೀಪರ್ ಜಲವಿದ್ಯುದಾಗಾರವೂ ಹಾನಿಗೀಡಾಯಿತು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಕತ್ತಲೆಯೊಡನೆ ಮನೆಯ ಶಾಖವೂ, ನಲ್ಲಿಯ ನೀರೂ, ಆಸ್ಪತ್ರೆಯ ಶಸ್ತ್ರಚಿಕಿತ್ಸೆಯೂ ನಿಲ್ಲುತ್ತವೆ. ಜನರ ಬೆಳಕನ್ನೇ ಗುರಿಯಾಗಿಸುವ ಯುದ್ಧವನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ.

ಇಂಥ ಟ್ರಾನ್ಸ್‌ಫಾರ್ಮರುಗಳು ಅಂಗಡಿಯಲ್ಲಿ ದೊರೆಯತಕ್ಕವಲ್ಲ. ಬೇಡಿಕೆ ಬಂದ ಮೇಲೆ ಒಂದೊಂದನ್ನಾಗಿ ಕಟ್ಟಬೇಕು, ಅದಕ್ಕೆ ವರ್ಷವೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಮೇಲಾಗಿ, ಪಶ್ಚಿಮ ಯೂರೋಪಿನ ಮುಖ್ಯ ಮಾರ್ಗಗಳು 400 ಕಿಲೋವೋಲ್ಟಿನವಾದರೆ, ಸೋವಿಯತ್ ಕಾಲದಲ್ಲಿ ಹೆಣೆದ ಉಕ್ರೇನಿನ ಜಾಲವು ಬಹುಮಟ್ಟಿಗೆ 750 ಮತ್ತು 330ರದು. ಶ್ರೀಮಂತ ದೇಶ ಉದಾರವಾಗಿ ಕೊಟ್ಟುದೂ ಅಲ್ಲಿ ಕೂಡಿಬಾರದೆ ಹೋಗಬಹುದು. ಈ ಸಂದರ್ಭದಲ್ಲಿಯೇ ಪುಟ್ಟ ಲಿಥುವೇನಿಯದ ಹಿರಿಮೆ ಕಾಣುವುದು. ಅದೇ ಹಳೆಯ ಜಾಲದ ಕವಲಾಗಿದ್ದ ಆ ದೇಶದಲ್ಲಿ 330 ಕಿಲೋವೋಲ್ಟಿನ ಉಪಕರಣಗಳಿದ್ದುವು. ಅವನ್ನು ಕೊಟ್ಟುದಲ್ಲದೆ, ವಿಲ್ನಿಯಸ್ ನಗರದಲ್ಲಿ ಕೆಲಸವಿಲ್ಲದೆ ನಿಂತಿದ್ದ ಉಷ್ಣ ವಿದ್ಯುದಾಗಾರವೊಂದನ್ನೇ ಭಾಗಭಾಗವಾಗಿ ಬಿಚ್ಚಿ, ಪೋಲೆಂಡಿನ ಮಾರ್ಗವಾಗಿ ಉಕ್ರೇನಿಗೆ ಕಳುಹಿಸಿತು. ತನ್ನಲ್ಲಿ ಮುಪ್ಪಾದ ಯಂತ್ರವು ನೆರೆಯವನಲ್ಲಿ ಪ್ರಾಣರಕ್ಷಕವಾದೀತೆಂದು ಗುರುತಿಸಿದ ಆ ವಿವೇಕವನ್ನು ನಾನು ದಾನದ ಔದಾರ್ಯಕ್ಕಿಂತ ಮೇಲೆಣಿಸುತ್ತೇನೆ.

ಜನರೇಟರುಗಳ ಮಾತೂ ಉಂಟು. ಅವು ಬೇಗ ತಲಪುತ್ತವೆ, ಆಸ್ಪತ್ರೆಯನ್ನೋ ನೀರಿನ ಪಂಪನ್ನೋ ಕೆಲವು ದಿನ ನಡೆಸುತ್ತವೆ. ಆದರೆ ದಿನದಿನವೂ ಡೀಸೆಲ್ ಬೇಡುತ್ತವೆ. ಆದುದರಿಂದ ಕೊಡುವವರು ಯಂತ್ರದೊಡನೆ ಅದರ ಬಿಡಿಭಾಗಗಳನ್ನೂ, ಎಣ್ಣೆಯನ್ನೂ, ಅಲ್ಲಿಯವರ ಭಾಷೆಯಲ್ಲಿ ಬರೆದ ಕೈಪಿಡಿಯನ್ನೂ, ಸಾಧ್ಯವಾದರೆ ಕೆಲಕಾಲ ಜೊತೆಯಲ್ಲಿ ನಿಂತು ಕಲಿಸುವ ನುರಿತ ಕೆಲಸಗಾರನನ್ನೂ ಕಳುಹಿಸತಕ್ಕದ್ದು. ಅಂಬಿಕಾನಗರದ ನಾಗಝರಿ ವಿದ್ಯುದಾಗಾರದಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತರಾದ ಯಾರನ್ನು ಕೇಳಿದರೂ, ಸಾಮಾನು ಪಟ್ಟಿಯಲ್ಲಿ ಮೊದಲು ಬರೆಯಬೇಕಾದುದು ಬಿಡಿಭಾಗವೆಂದೇ ಅವರು ಹೇಳಿಯಾರು.