ಜೋಳ ತರಬಹುದು, ಕಣಿಕೆ ಎಲ್ಲಿಂದ ತರೋಣ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಸಂತೆ ನಿಂತಾಗ ಮನೆಯಲ್ಲಿ ಜೋಳವಿತ್ತು, ಕಡಲೆಯಿತ್ತು. ರೊಟ್ಟಿಗೆ ಕೊರತೆಯಾಗಲಿಲ್ಲ. ನಾವು ಗಟ್ಟಿ ಅಂದುಕೊಂಡೆ. 2023ರ ಬರದಲ್ಲಿ ಆ ಲೆಕ್ಕ ತಪ್ಪೆಂದು ಗೊತ್ತಾಯ್ತು. ಮೇವಿಲ್ಲದೆ ಜೋಡೆತ್ತು ಮಾರಿದೆ. ಮರುವರ್ಷ ಜೋಡಿ ಕಟ್ಟಲು ಆ ದುಡ್ಡು ಸಾಲಲಿಲ್ಲ.

ಅಂದಿನಿಂದ ನೆಂಟರ ಊರಿಗೆ ಹೋದಲ್ಲೆಲ್ಲ ಕೇಳುತ್ತಿದ್ದೇನೆ: ಹೊರಗಿನಿಂದ ಏನೂ ಬರದಿದ್ದರೆ ನಿಮ್ಮ ಮನೆ, ದನ ಎಷ್ಟು ತಿಂಗಳು ನಡೆದೀತು?

ನಾಲ್ಕು ತಾಲೂಕು, ನಾಲ್ಕು ಕೊರತೆ

ಕಿತ್ತೂರು ಮಲೆನಾಡಿನ ಸೆರಗು. ಮಳೆ ಚಲೋ. ಕೂರಿಗೆ ಭತ್ತ, ಹುಲ್ಲು, ಕೆರೆ ಇವೆ. ರೊಟ್ಟಿಯ ಬಿಳಿಜೋಳ ಮಾತ್ರ ಮೂಡಲ ಕಡೆಯಿಂದ ಬರಬೇಕು.

ಬೈಲಹೊಂಗಲದ್ದು ಒಳ್ಳೆಯ ಎರೆಭೂಮಿ. ಆದರೆ ಸೋಯಾ, ಕಬ್ಬು ಹೆಚ್ಚಾಗಿ ಜೋಳ ಹಿಂದೆ ಸರಿದಿದೆ. ದುಡ್ಡು ಬಂತು, ಕಣಿಕೆ ಹೋಯ್ತು.

ನಮ್ಮ ಸವದತ್ತಿಯಲ್ಲಿ ನವಿಲುತೀರ್ಥದ ಅಣೆಕಟ್ಟು ಇದೆ. ಆದರೂ ಕಾಲುವೆ ಮುಟ್ಟದ ಹೊಲಕ್ಕೆ ಹಿಂಗಾರಿ ಹಸಿಯೇ ಗತಿ.

ರಾಮದುರ್ಗದಲ್ಲಿ ಮಳೆ ಕಡಿಮೆ, ಕಲ್ಲುಗುಡ್ಡ ಹೆಚ್ಚು. ಕುರಿ-ಆಡು ಮನೆ ನಡೆಸುತ್ತವೆ. 2019ರ ಆಗಸ್ಟಿನಲ್ಲಿ ಅದೇ ತಾಲೂಕಿನ ದಂಡೆಯ ಊರುಗಳಿಗೆ ಮಲಪ್ರಭೆ ನುಗ್ಗಿತು. ಅಲ್ಲಿನ ಬೀಗರು ಅಂದರು: "ಬೀಗರ, ಜ್ವಾಳ ಆದ್ರ ಪ್ಯಾಟ್ಯಾಗಿಂದ ಚೀಲದಾಗ ತರಬಹುದರಿ. ಕಣಿಕಿ ಎಲ್ಲಿಂದ ತರ್ತೀರಿ?"

ಲೆಕ್ಕ ಹಾಕಿ ನೋಡಿ

ಐದು ಜನರ ಮನೆಗೆ ದಿನಕ್ಕೆ 2 ಕಿಲೋ ಜೋಳ ಹಿಡಿಯಿರಿ. ವರ್ಷಕ್ಕೆ 7.3 ಕ್ವಿಂಟಲ್ ಆಯ್ತು. ಒಣಬೇಸಾಯದಲ್ಲಿ ಎಕರೆಗೆ 4 ಕ್ವಿಂಟಲ್ ಬಂದರೂ ಎರಡು ಎಕರೆ ಸಾಕು.

ಜೋಡೆತ್ತಿಗೆ ದಿನಕ್ಕೆ 12 ಕಿಲೋ ಒಣಮೇವು ಬೇಕು. ಹಸಿಹುಲ್ಲಿನ ನಾಲ್ಕು ತಿಂಗಳು ಬಿಟ್ಟರೂ ಹತ್ತಿರ ಹತ್ತಿರ 3 ಟನ್. ಎಕರೆಗೆ ಒಂದು ಟನ್ ಕಣಿಕೆ ಅಂದರೆ ಮೂರು ಎಕರೆ! ಮನೆಮಂದಿಗಿಂತ ಎತ್ತಿಗೇ ಹೆಚ್ಚು ಹೊಲ ಬೇಕು. ನಾನು ಕಾಳು ಎಣಿಸಿದ್ದೆ, ಕಣಿಕೆ ಎಣಿಸಿರಲಿಲ್ಲ.

ಈಗ ನಾನು ಮಾಡುತ್ತಿರುವುದು

ಕಡಲೆ ಹೊಲದಲ್ಲಿ ಒಂದು ಎಕರೆ ಜೋಳಕ್ಕೆ ಬಿಟ್ಟಿದ್ದೇನೆ. ಎತ್ತರ ಬೆಳೆಯುವ ತಳಿಯೇ ಬಿತ್ತುತ್ತೇನೆ, ಕಣಿಕೆ ಸಿಗಬೇಕಲ್ಲ! ಹೊಸ ಬಣವೆ ಒಟ್ಟುವ ತನಕ ಹಳೆಯದು ಪೂರಾ ಮುಗಿಸುವುದಿಲ್ಲ. ಕಡಲೆ, ತೊಗರಿಯ ಹೊಟ್ಟು ಸುಡುವುದಿಲ್ಲ, ಮಾರುವುದೂ ಇಲ್ಲ. ಒಂದು ಹಂಗಾಮು ಬಿತ್ತಿದ್ದು ಹುಟ್ಟದಿದ್ದರೆ ಮತ್ತೆ ಬಿತ್ತಲು ಬೀಜ ಬೇರೆ ತೆಗೆದಿಡುತ್ತೇನೆ. ಹೊಳೆದಂಡೆಯವರಿಗೆ ಇನ್ನೊಂದು ಮಾತು: ಹಗೇವು, ಬಣವೆ ಎರಡೂ ನೀರು ಏರದ ಎತ್ತರದಲ್ಲಿರಲಿ.

ಎಲ್ಲವನ್ನೂ ಒಂದೇ ಹೊಲದಲ್ಲಿ ಬೆಳೆಯಲು ಆಗದು. ಕಿತ್ತೂರಿನ ಅಕ್ಕಿ, ನಮ್ಮ ಜೋಳ, ರಾಮದುರ್ಗದ ಕುರಿಗೊಬ್ಬರ ಕೈಬದಲಾದರೆ ನಾಲ್ಕೂ ಕಡೆ ಗಟ್ಟಿಯಾದೀತು. ಅದಕ್ಕೆ ಮೊದಲು ನಿಮ್ಮ ಬಣವೆ ಅಳೆಯಿರಿ. ಎಷ್ಟು ತಿಂಗಳಿಗೆ ಬಂತು, ಪತ್ರಿಕೆಗೆ ಬರೆದು ತಿಳಿಸಿ.