ಸಂಧಾನವೂ ವಕೀಲರ ವಿದ್ಯೆಯೇ

ನಮ್ಮ ಕಾನೂನು ಕಾಲೇಜುಗಳು ವಾದಿಸಿ ಗೆಲ್ಲುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ, ಕೂತು ಮಾತಾಡಿ ಜಗಳ ಮುಗಿಸುವುದನ್ನು ಕಲಿಸುತ್ತಿಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಪರ್ಯಾಯ ವ್ಯಾಜ್ಯ ಪರಿಹಾರವನ್ನು ಕಡ್ಡಾಯ ವಿಷಯವಾಗಿಸಿದರೂ ಅಣಕು ನ್ಯಾಯಾಲಯದ ಸ್ಪರ್ಧೆಗಿರುವ ಕಳೆ ಅದಕ್ಕೆ ಬಂದಿಲ್ಲ. ಇದರಿಂದ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದಕ್ಕೆ 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಬದುಕೇ ಸಾಕ್ಷಿ. ಸಂವಿಧಾನ ಸಭೆಯ ಸಲಹೆಗಾರರೆಂದು ಅವರ ಹೆಸರು ಕೇಳಿದ್ದೇವೆ; ಸಂಧಾನಕಾರರಾಗಿ ಅವರು ಮಾಡಿದ ಕೆಲಸ ಗೊತ್ತಿರುವವರು ಕಡಿಮೆ.

ಪಂಜಾಬಿನ ಭಾಕ್ರಾ ಅಣೆಕಟ್ಟು ಯೋಜನೆಯಿಂದ ತನಗೆ ನೀರು ಕಡಿಮೆಯಾಗುತ್ತದೆಂದು ಸಿಂಧ್ ದೂರಿದಾಗ, 1941ರಲ್ಲಿ ರಾಯರ ಅಧ್ಯಕ್ಷತೆಯಲ್ಲಿ ಸಿಂಧೂ ಆಯೋಗ ರಚನೆಯಾಯಿತು. ಜೊತೆಗಿದ್ದವರು ಇಬ್ಬರು ಎಂಜಿನಿಯರುಗಳು. ಇಂಥ ತಂಟೆಗೆ ಒಪ್ಪಂದವೇ ಎಲ್ಲಕ್ಕಿಂತ ಒಳ್ಳೆಯ ಪರಿಹಾರ, ಅದಾಗದಿದ್ದರೆ ನ್ಯಾಯಯುತ ಹಂಚಿಕೆ ಎಂದು 1942ರ ವರದಿ ಹೇಳಿತು. ಎರಡೂ ಪ್ರಾಂತಗಳು ಅದನ್ನು ಒಪ್ಪಲಿಲ್ಲ. ಆದರೂ ಮಾತುಕತೆ ನಿಲ್ಲದೆ, 1945ರ ಹೊತ್ತಿಗೆ ಎರಡೂ ಕಡೆಯ ಎಂಜಿನಿಯರುಗಳು ಕರಡು ಒಪ್ಪಂದದವರೆಗೆ ಬಂದಿದ್ದರು. ಹಣದ ಪ್ರಶ್ನೆ ಬಗೆಹರಿಯುವ ಮೊದಲೇ ದೇಶ ಒಡೆಯಿತು.

ಕೊರಿಯಾದ ಕಥೆ ಇನ್ನೂ ಕಠಿಣ. 1950ರ ಜೂನ್‌ನಲ್ಲಿ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ರಾಯರೇ. ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಕದನವಿರಾಮಕ್ಕೆ ದಾರಿ ಹುಡುಕಲು ನೇಮಿಸಿದ ಮೂವರಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಜೊತೆಗೆ ರಾಯರೂ ಇದ್ದರು. ಚೀನಾ ಒಪ್ಪಲಿಲ್ಲ, ಪ್ರಯತ್ನ ಸೋತಿತು. ಆದರೆ ಭಾರತ ಕೈಚೆಲ್ಲಲಿಲ್ಲ. 1952ರ ಕೊನೆಯಲ್ಲಿ ಯುದ್ಧಕೈದಿಗಳ ಕುರಿತು ಅದು ಮಂಡಿಸಿದ ಸೂತ್ರಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಸಿಕ್ಕಿತು. 1953ರ ಜುಲೈ 27ರ ಕದನವಿರಾಮ ಅದೇ ಜಾಡಿನಲ್ಲಿ ನಡೆಯಿತು. ತಾಯ್ನಾಡಿಗೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯ.

ಯುದ್ಧ ನಿಂತದ್ದು ಮಾತಿನಿಂದಲ್ಲ, ಎರಡೂ ಪಡೆಗಳು ಬಸವಳಿದಿದ್ದವು, ಸ್ಟಾಲಿನ್ ತೀರಿಕೊಂಡಿದ್ದರು ಎಂದು ಹೇಳುವವರಿದ್ದಾರೆ. ಅದು ನಿಜವೇ. ಆದರೆ ದಣಿದವರು ಕೈಚಾಚುವ ಹೊತ್ತಿಗೆ ಇಬ್ಬರ ಮಾನವೂ ಉಳಿಯುವ ಬರಹವೊಂದು ಸಿದ್ಧವಿರಬೇಕು. ಅದನ್ನು ಸಿದ್ಧಪಡಿಸುವುದು ಕಾನೂನು ಬಲ್ಲವರ ಕೆಲಸ. ಮೊದಲ ಸೋಲಿನಿಂದ ಸಂಧಾನವನ್ನು ಅಳೆಯುವುದು ಅನ್ಯಾಯ.

ಇದು ದೂರದ ದೇಶಗಳ ಮಾತಷ್ಟೇ ಅಲ್ಲ. ಕಾಮೋಠೆ ಸೇರಿದಂತೆ ನವಿಮುಂಬಯಿಯ ಬಡಾವಣೆಗಳು ನಿಂತಿರುವುದು ಠಾಣೆ, ಪನವೇಲ್, ಉರಣ ತಾಲೂಕುಗಳ 95 ಹಳ್ಳಿಗಳ ಭೂಮಿಯಲ್ಲಿ. ಈ ನಗರ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿದ್ದು 1970ರಲ್ಲಿ. ಪರಿಹಾರಕ್ಕಾಗಿ ವಕೀಲ ದಿ.ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಹೋರಾಡಿದರು. 1984ರ ಜನವರಿ 16 ಮತ್ತು 17ರ ಗೋಲಿಬಾರಿನಲ್ಲಿ ಐವರು ಸತ್ತರು. ಅಭಿವೃದ್ಧಿಪಡಿಸಿದ ಜಮೀನಿನಲ್ಲಿ ಶೇ. 12.5 ಪಾಲು ಕೊಡುವ ಸೂತ್ರ ಬಂದದ್ದು ಆಮೇಲೆ. ಬೀದಿಗಿಳಿಯದಿದ್ದರೆ ಸರ್ಕಾರ ಮಾತುಕತೆಗೇ ಬರುತ್ತಿರಲಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸಂಧಾನ ಹೋರಾಟದ ಶತ್ರುವಲ್ಲ. ಹೋರಾಟ ಗಳಿಸಿದ್ದನ್ನು ಹಕ್ಕಾಗಿ ಬರೆಸಿಕೊಳ್ಳುವ ವಿದ್ಯೆ ಅದು. ಆ ಐವರು ಬದುಕಿರುವಾಗಲೇ ಇಂಥ ಸೂತ್ರ ಮೇಜಿನ ಮೇಲೆ ಬರಬೇಕಿತ್ತು.

ಮಧ್ಯಸ್ಥಿಕೆಯಿಂದ ಮೂಡುವ ಒಪ್ಪಂದಗಳಿಗೆ ಕಾನೂನಿನ ಬಲ ಕೊಡಲೆಂದೇ 2023ರ ಮಧ್ಯಸ್ಥಿಕೆ ಕಾಯ್ದೆ ಬಂದಿದೆ. ಬೇಕಿರುವುದು ನುರಿತ ಕೈಗಳು. ಕಾನೂನು ಅಧ್ಯಾಪಕರು ರಾಯರ ಸಿಂಧೂ ವರದಿಯನ್ನೂ ನವಿಮುಂಬಯಿಯ ಭೂಸ್ವಾಧೀನದ ಕಡತಗಳನ್ನೂ ಈ ವರ್ಷವೇ ತರಗತಿಗೆ ತರಲಿ.